ಎಲ್ಲರಿಗೂ ಒಂದು ಹುದ್ದೆ

ವೇದಿಕೆಯ ಮೇಲೆ ಕುರ್ಚಿ ಸಾಲದೆ ಉಪಾಧ್ಯಕ್ಷರಿಬ್ಬರು ಒಂದೇ ಸ್ಟೂಲಿನ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದರು. ಕೆಳಗೆ ಹೊಸ ಶಾಲೆಯ ಬೆಂಚುಗಳು ಬಣಗುಡುತ್ತಿದ್ದವು. ಸಂಘದ ಅಧ್ಯಕ್ಷ ಹಾಜಿ ರುಕ್ನುದ್ದೀನ್‌ಗೆ ಆಗ ಹೊಳೆಯಿತು: ಊರಿನ ಗಂಡಸರೆಲ್ಲ, ತೊಡೆಯೇರಿದ ಹುಡುಗರ ಸಮೇತ, ವೇದಿಕೆಯ ಮೇಲಿದ್ದಾರೆ. ಭಾಷಣ ಕೇಳಲು ಒಂದು ನರಪಿಳ್ಳೆಯೂ ಇಲ್ಲ.

ತಪ್ಪು ಹಾಜಿಯವರದೇ. ಟ್ರಿನಿಡಾಡಿನ ಆ ಕಬ್ಬಿನೂರಿನಲ್ಲಿ ಇದ್ದದ್ದು ಒಂದೇ ಮಸೀದಿಯಾದರೂ ಅದರ ಸಂಘ ಎರಡು ಸಲ ಒಡೆದಿತ್ತು. ಹುದ್ದೆ ಸಿಗದವನು ಮುನಿಸಿಕೊಂಡು ರಸ್ತೆಯಾಚೆ ಹೋಗಿ ತನ್ನದೇ ಸಂಘದ ಬೋರ್ಡು ನೆಡುತ್ತಿದ್ದ. ಈ ಸಲ ಶಾಲೆಯಾದರೂ ಉಳಿಯಲಿ ಎಂದು ಹಾಜಿಯವರು ಕೇಳಿದವರಿಗೆಲ್ಲ ಹುದ್ದೆ ಹಂಚಿಬಿಟ್ಟಿದ್ದರು. ಬಾಗಿಲಲ್ಲಿ ಚಪ್ಪಲಿ ಕಾಯುವ ಶಕೂರ್ ಕೂಡ ಈಗ ಪಾದರಕ್ಷಾ ಕಾರ್ಯದರ್ಶಿ. ಎದೆಗೆ ಚುಚ್ಚಿಕೊಂಡ ಹಸಿರು ಬಿಲ್ಲೆಗಳಲ್ಲಿ ಅವನದೇ ದೊಡ್ಡದು.

ಪೋರ್ಟ್ ಆಫ್ ಸ್ಪೇನ್‌ನಿಂದ ಹೊರಟ ವಿದ್ಯಾಧಿಕಾರಿಯ ಕಾರು ಆಗಲೇ ಸೇತುವೆ ದಾಟಿತ್ತು. ಶಾಲೆ ಬೇಕೆನ್ನುವ ಜನರೇ ಕಾಣದಿದ್ದರೆ ಅವರು ಪರವಾನಗಿ ಕೊಡದೆ ವಾಪಸಾಗುವುದು ಖಂಡಿತ.

"ಯಾರಾದ್ರೂ ಕೆಳಗಿಳೀರಪ್ಪಾ! ಒಂದು ಗಳಿಗೆ ಜನ ಆಗಿ!" ಎಂದು ಹಾಜಿ ಅಂಗಲಾಚಿದರು.

"ಇಳಿದ್ರೆ ಮತ್ತೆ ಹತ್ತೋದಿಲ್ಲ. ಸೀದಾ ರಸ್ತೆಯಾಚೆಗೇ," ಎಂದ ಶಕೂರ್.

ಹಾಜಿ ಹಿತ್ತಲಿಗೆ ಓಡಿದರು. ಅವರ ಅತ್ತಿಗೆ ಜಲೇಹಾ ಊರ ಹೆಂಗಸರನ್ನೆಲ್ಲ ಕಟ್ಟಿಕೊಂಡು ಸಮಾರಂಭಕ್ಕೆ ಹಾಲುಶಾವಿಗೆ ಬೇಯಿಸುತ್ತಿದ್ದಳು.

"ಅತ್ತಿಗೆ, ಎಲ್ಲರೂ ಬಂದು ಬೆಂಚಿನ ಮೇಲೆ ಕೂತ್ಕೊಳ್ಳಿ. ನನ್ನ ಮಾನ ಉಳಿಸಿ."

"ಮೊನ್ನೆ ನನ್ನ ಮೊಮ್ಮಗಳನ್ನ ಶಾಲೆಗೆ ಸೇರಿಸ್ಕೋ ಅಂದ್ರೆ ಏನಂದೆ ರುಕ್ನು? ಹೆಣ್ಣುಮಕ್ಕಳಿಗೆ ಜಾಗ ಇಲ್ಲ ಅಂದೆ."

"ಈಗ ಜಾಗವೋ ಜಾಗ, ಅತ್ತಿಗೆ!"

"ಇವತ್ತು ಇರುತ್ತೆ. ನಾಳೆ?"

ಹೊರಗೆ ಕಾರಿನ ಹಾರನ್ ಕೇಳಿಸಿತು.

"ಅಲ್ಲಾನಾಣೆ, ದಿನಾ ಇರುತ್ತೆ! ನಿಮ್ಮ ನಫೀಸಾ ಒಬ್ಬಳಿಗಲ್ಲ, ಎಲ್ಲಾ ಹುಡುಗೀರಿಗೂ!"

ಜಲೇಹಾ ಸೌಟು ಎತ್ತಿದ್ದೇ ತಡ, ಹೆಂಗಸರೂ ಹುಡುಗಿಯರೂ ಬೆಂಚುಗಳನ್ನು ತುಂಬಿಬಿಟ್ಟರು. ನಫೀಸಾ ಸ್ಲೇಟನ್ನು ಎದೆಗವಚಿಕೊಂಡು ಮುಂದಿನ ಸಾಲಿನಲ್ಲೇ ಕೂತಳು. ಜಲೇಹಾಗೆ ಸಂತೋಷ ತಡೆಯಲಾಗಲಿಲ್ಲ. ಪ್ರತಿ ಭಾಷಣಕ್ಕೂ ಅದು ಮುಗಿಯುವ ಮೊದಲೇ ಚಪ್ಪಾಳೆ ತಟ್ಟಿದಳು. ಉಪಾಧ್ಯಕ್ಷರೊಬ್ಬರಿಗಂತೂ ಮಾತು ಶುರು ಮಾಡಲೂ ಬಿಡಲಿಲ್ಲ.

ಇಷ್ಟು ಜನರನ್ನು ಕಂಡು, ವೇದಿಕೆಯೇರಿದ್ದ ವಿದ್ಯಾಧಿಕಾರಿಗೆ ಖುಷಿಯೋ ಖುಷಿ. ಕೆಳಗಿಳಿದು ನಫೀಸಾಳ ಮುಂದೆ ಬಗ್ಗಿದರು.

"ಇವರಲ್ಲಿ ನಿಂಗೆ ಪಾಠ ಹೇಳೋ ಮೇಷ್ಟ್ರು ಯಾರು, ಪುಟ್ಟಿ?"

ನಫೀಸಾ ಎದ್ದು ನಿಂತು ಮೊದಲ ಕುರ್ಚಿಯತ್ತ ಬೆರಳು ತೋರಿಸಿದಳು. ಆ ಕುರ್ಚಿಯವರು ಪಕ್ಕದವರನ್ನು ನೋಡಿದರು, ಅವರು ಅವರ ಪಕ್ಕದವರನ್ನು. ಬೆರಳು ಸ್ಟೂಲು ದಾಟಿತು. ಹತ್ತಿರ ಬಂದಾಗ ಶಕೂರ್ ತನ್ನ ಬಿಲ್ಲೆಯನ್ನು ಅಂಗೈಯಿಂದ ಮುಚ್ಚಿಕೊಂಡ. ಕೊನೆಗೆ ಅದು ಅಧ್ಯಕ್ಷರ ಮೂಗಿನ ನೇರಕ್ಕೆ ಬಂದು ನಿಂತಿತು.

ಹಾಜಿ ಗಂಟಲು ಸರಿಮಾಡಿಕೊಂಡರು.

"ಆ ಹುದ್ದೆನ ಯಾರೂ ಕೇಳ್ಲೇ ಇಲ್ಲ, ಸಾರ್."