ಎಡ ತೋಳಿನ ವಾಸನೆ

ಆ ಶನಿವಾರ ಸಂಜೆ ದಾನಪ್ಪ ಇನ್ನೂ ಬೂಟಿನ ದಾರ ಬಿಚ್ಚುತ್ತಿದ್ದ. ಅಷ್ಟರಲ್ಲೇ ಪದ್ಮಾ ಅಡುಗೆಮನೆಯಿಂದ ಧಾವಿಸಿ ಬಂದು ಅವನ ಜಾಕೆಟ್ಟಿನ ಎಡ ತೋಳನ್ನು ಎಳೆದು ಮೂಗಿಗೆ ಒತ್ತಿಕೊಂಡಳು.

"ಕುಡದ್ರಿ!"

"ಇಲ್ಲ ಪದ್ಮಾ."

"ಇಲ್ಲಂತ! ಹಸಿ ಮಾವಿನಕಾಯಿ ಮ್ಯಾಲ ಸಕ್ಕರಿ ಪಾಕ ಸುರದಂಗ ಬರಾಕತ್ತೈತಿ. ಮ್ಯಾಲ ಬರೇ ಥಳಕು, ಒಳಗ ಏನೂ ಇಲ್ಲ. ಥೇಟ್ ನಿಮ್ಮಂಗ!"

ಎಷ್ಟೇ ಸಿಟ್ಟು ಬಂದರೂ ಪದ್ಮಾ ಗಂಡನಿಗೆ ಬಹುವಚನ ಬಿಟ್ಟವಳಲ್ಲ. ದಾನಪ್ಪ ಮೊಬೈಲು ತೆಗೆದು ಹೆಬ್ಬೆರಳು ಆಡಿಸುತ್ತ, "ಮತ್ತೇನರ ಬರತೈತೇನು?" ಎಂದು ಕೇಳಿದ. ಅವಳ ಸಿಟ್ಟು ನೆತ್ತಿಗೇರಿತು.

ಅವಳ ಮೂಗೇ ಅಂಥದ್ದು. ಹಾಲು ಒಡೆಯುವ ಹಿಂದಿನ ದಿನವೇ ಅದನ್ನು ಚೆಲ್ಲಿಬಿಡುತ್ತಿದ್ದಳು. ಪರದೇಶದ ವಾನ್ ಎಂಬ ಊರಿನ ಅವರ ಸಾಲುಮನೆಗಳಲ್ಲಿ ಯಾರ ಒಲೆಯ ಮೇಲೆ ಏನು ಸೀದಿದೆ ಎಂದು ಕಿಟಕಿ ತೆರೆಯದೆ ಹೇಳುತ್ತಿದ್ದಳು.

ಹುಬ್ಬಳ್ಳಿಯಲ್ಲಿ ಮದುವೆಗೆ ಮುಂಚೆ ಅವಳು ಹಾಕಿದ್ದು ಒಂದೇ ಶರತ್ತು. ಒಂದು ಹನಿ ಗಂಟಲಿಗಿಳಿದರೆ ಅವತ್ತೇ ತವರಿಗೆ. ದಾನಪ್ಪ ಲಿಂಗ ಮುಟ್ಟಿ ಆಣೆ ಮಾಡಿದ್ದ. ಇಲ್ಲಿಗೆ ಬಂದಮೇಲೆ ಅವನಿಗೆ ಸಿಕ್ಕಿದ ಕೆಲಸವೋ, ಇಟಲಿಯ ವೈನು ತರಿಸುವವನ ವೇರ್‌ಹೌಸಿನದು. "ಪೆಟಿಗಿ ಹೊರ್ರಿ, ಬಿರಡಿ ಮುಟ್ಟಬ್ಯಾಡ್ರಿ. ಬಾಟ್ಲಿ ಈ ಹೊಸ್ತಿಲಾ ದಾಟಬಾರ್ದು" ಎಂದು ಪದ್ಮಾ ಒಪ್ಪಿದ್ದಳು. ಹನ್ನೆರಡು ವರ್ಷ ಹಾಗೇ ನಡೆದಿತ್ತು.

ಮರು ಶನಿವಾರ ಮತ್ತೆ ಅದೇ ಎಡ ತೋಳು.

"ಥೂ! ತೊಯ್ದ ಗೋಣಿಚೀಲ ಮುಗ್ಗಿದಂಗೈತಿ. ಇದನ್ನ ಎಮ್ಮಿ ಸೈತ ಮೂಸೂದಿಲ್ಲ. ನಾ ಇಲ್ಲಿ ಬಾಯಿ ಬಡಕೋತೀನಿ, ನೀವು ಯಾವ ಕುಡುಕನ ಕೂಡ ಚಾಟಿಂಗ್ ಮಾಡಾಕತ್ತೀರಿ?"

ಮೂರನೆಯ ಶನಿವಾರ ಪದ್ಮಾ ತೋಳನ್ನು ಹಿಡಿದವಳು ಬೇಗ ಬಿಡಲಿಲ್ಲ.

"ಜೇನು. ಕಾದ ಹಂಚಿಗೆ ನೀರು ಚಿಮುಕಿಸಿದಂಗ. ಕಡೀಕ ಬಾದಾಮಿ ಸಿಪ್ಪಿ." ಮತ್ತೊಮ್ಮೆ ಮೂಸಿದಳು. "ಹಾಳಾಗಿ ಹೋಗ್ರಿ, ಇದು ಚೊಲೋ ಐತಿ. ಕುಡಿಯೂದ ಆದ್ರ ಇದನ್ನರ ಕುಡೀಬೇಕಿಲ್ಲೋ!"

ದಾನಪ್ಪ ಸೀಟಿ ಹೊಡೆಯುತ್ತ ಮಹಡಿ ಹತ್ತಿದ. ಹೆಂಡತಿಯಿಂದ ಬೈಸಿಕೊಂಡು ಸೀಟಿ ಹೊಡೆಯುವವನು ಕುಡಿದಿರದೆ ಇನ್ನೇನು?

ನಾಲ್ಕನೆಯ ಶನಿವಾರ ಮಧ್ಯಾಹ್ನ ಪದ್ಮಾ ಸೂಟ್‌ಕೇಸು ತುಂಬಿ ಕಾರಿಗೆ ಹಾಕಿದಳು. ಆದರೆ ಏರ್‌ಪೋರ್ಟಿಗೆ ಮುಂಚೆ ಒಂದು ಕೆಲಸ ಬಾಕಿಯಿತ್ತು. ಕಾರನ್ನು ಸೀದಾ ಪಕ್ಕದ ಕ್ಲೈನ್‌ಬರ್ಗಿನಲ್ಲಿದ್ದ ಗಂಡನ ಧಣಿಯ ಮನೆಗೆ ತಿರುಗಿಸಿದಳು.

ಧಣಿ ಎರ್ಮಿನಿಯೋಗೆ ಎಪ್ಪತ್ತು ದಾಟಿತ್ತು. ಇಟಲಿಯ ತನ್ನೂರಿನ ಗುಡ್ಡದಲ್ಲಿ ಬೆಳೆಯುವ ತಿಮೊರಾಸ್ಸೊ ಎಂಬ ಬಿಳಿ ದ್ರಾಕ್ಷಿಯ ಮಾತೆತ್ತಿದರೆ ಸಾಕು, ಮುದುಕನ ಕಣ್ಣು ತೇವವಾಗುತ್ತಿತ್ತು. ಹೊರಗಿನವರು ಹೆಸರೂ ಕೇಳಿರದ ಆ ದ್ರಾಕ್ಷಿಯ ವೈನನ್ನು ಈ ವರ್ಷ ತರಿಸಲೇಬೇಕೆಂದು ಹಟ ಹಿಡಿದಿದ್ದ. ನಾಲ್ವರು ರೈತರು ಸ್ಯಾಂಪಲ್ ಕಳಿಸಿದ್ದರು. ಆರಿಸಬೇಕಾದದ್ದು ಒಂದನ್ನು. ಇದನ್ನೆಲ್ಲ ದಾನಪ್ಪನೇ ಊಟದ ಹೊತ್ತಿನಲ್ಲಿ ಹೇಳಿದ್ದ. ಆರಿಸುವ ನೆವದಲ್ಲಿ ಪ್ರತಿ ಶನಿವಾರ ಧಣಿಯ ಮನೆಯಲ್ಲಿ ಧಣಿ, ಆಳು ಇಬ್ಬರೂ ಏರಿಸುತ್ತಿದ್ದಾರೆ ಎಂದು ಪದ್ಮಾ ಲೆಕ್ಕ ಹಾಕಿದ್ದಳು.

ಗ್ಯಾರೇಜಿನ ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ನಾಲ್ಕು ಬಾಟಲಿ, ಒಂದು ಗ್ಲಾಸು, ಒಂದು ಚಮಚ. ಎದುರುಬದುರು ಇಬ್ಬರು.

"ಅಜ್ಜಾರ, ತಲಿ ನೆರತೈತಿ, ಬುದ್ಧಿ ಬರಲಿಲ್ಲೇನ್ರಿ? ಆಣೆ ಮಾಡಿದಾಂವನ್ನ ಕೆಡಸಾಕ ಕುಂತೀರಲ್ಲ!"

ಎರ್ಮಿನಿಯೋಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ದೇವಿ ಪ್ರತ್ಯಕ್ಷವಾದಂತೆ ಎದ್ದು ನಿಂತ. "ವಾಟ್ ಡಸ್ ಶಿ ಸೇ, ಡಾನಿ? ವಾಟ್ ಡಸ್ ಶಿ ಸೇ?"

"ನಾಟ್ ಯೆಟ್, ಬಾಸ್," ಎಂದ ದಾನಪ್ಪ. "ದಿಸ್ ಈಸ್ ಓನ್ಲಿ ಫಾರ್ ಅಸ್, ನಾಟ್ ದ ವೈನ್."

"ಬಾಯಿ ತೆಗೀರಿ!" ಪದ್ಮಾ ಗಂಡನ ಗದ್ದ ಹಿಡಿದಳು.

ದಾನಪ್ಪ ಬಾಯಿ ತೆರೆದ. ಅವಳು ಮೂಸಿದಳು. ಏಲಕ್ಕಿ ಚಹಾ. ಮತ್ತೆ ಮೂಸಿದಳು. ಏಲಕ್ಕಿ ಚಹಾ, ಬೇರೇನೂ ಇಲ್ಲ. ತೋಳು ಮುಟ್ಟಿ ನೋಡಿದಳು. ಮೊಣಕೈ ಹತ್ತಿರ ಒದ್ದೆಯಾಗಿತ್ತು. ಬಾಯಿ ಒಣಗಿದೆ, ತೋಳು ಕುಡಿದಿದೆ.

"ಕೊರೋನಾ ಬಂದು ಹೋದಾಗಿಂದ ಇವರ ಮೂಗು ಸತ್ತೈತಿ, ಪದ್ಮಾ, ಯಾರಿಗೂ ಹೇಳಿಲ್ಲ," ಎಂದ ದಾನಪ್ಪ. "ಮೂಸಿ ಹೇಳು ಅಂತ ನಿನ್ನ ಕೇಳಿದ್ರ ಬಾಟ್ಲಿ ನನ್ನ ತಲೀ ಮ್ಯಾಲ ಒಡೀತಿದ್ದಿ. ಅದಕ್ಕ ವಾರಕ್ಕ ಒಂದು ಚಮಚಾ ತೋಳಿಗೆ ಹಚಗೊಂಡು ಬಂದೆ, ನೀ ಬೈದದ್ದೆಲ್ಲಾ ಬರಕೊಂಡು ಇವರಿಗೆ ಒಪ್ಪಿಸಿದೆ. ಇನ್ನ ಈ ನಾಕನೇದೊಂದು ಉಳದೈತಿ, ಇದಕ್ಕೂ ಬೈದು ಬಿಡು."