ಇನ್ನೂರ ಎಂಬತ್ತೇಳನೆಯ ಸಾಲು

"ಸಾರ್, ಇನ್ನೂರ ಎಂಬತ್ತೇಳು ಮತ್ತೆ ಕೈಕೊಡ್ತು," ಎಂದರು ಸಾಫ್ಟ್‌ವೇರ್ ಮೇಡಂ, ಕನ್ನಡಕವನ್ನು ತಲೆಯ ಮೇಲಕ್ಕೇರಿಸುತ್ತ. ಟ್ರಸ್ಟು ಹಂಚಿದ ಅನುದಾನಗಳ ವಿವರವೆಲ್ಲ ಗುಮಾಸ್ತರ ಎಕ್ಸೆಲ್ ಹಾಳೆಯಲ್ಲಿತ್ತು. ಅದನ್ನು ಹೊಸ ಸಾಫ್ಟ್‌ವೇರಿಗೆ ಏರಿಸಲು ಇಬ್ಬರೂ ಬೆಳಗಿನಿಂದ ಕೂತಿದ್ದರು. ಒಂದೇ ಶಾಲೆಯ ಹೆಸರನ್ನು ನಾಲ್ಕು ಥರ ಬರೆದದ್ದು, ತಾರೀಖಿನ ಜಾಗದಲ್ಲಿ ತಿಂಗಳು ಕೂತದ್ದು, ಗುಮಾಸ್ತರು ಮುದ್ದಿನಿಂದ ಬಳಿದಿದ್ದ ಹಳದಿ ಬಣ್ಣ, ಎಲ್ಲವನ್ನೂ ತಿದ್ದಿ ಆಗಿತ್ತು. ಆದರೆ ಒಂದೇ ಒಂದು ಸಾಲು ತಪ್ಪಿದ್ದರೂ ಆ ಪುಣ್ಯಾತ್ಮ ಸಾಫ್ಟ್‌ವೇರು ಇಡೀ ಹಾಳೆಯನ್ನೇ ವಾಪಸ್ಸು ಎಸೆಯುತ್ತಿತ್ತು.

"ಹೊಲಿಗೆ ತರಗತಿಗೆ ಹನ್ನೆರಡು ಮೆಷಿನ್ನು. ಕೊಟ್ಟು ಒಂಬತ್ತು ವರ್ಷ ಆಗಿದೆ. 'ವರದಿ ಬಂದ ದಿನಾಂಕ' ಖಾಲಿ. ಬಂದೇ ಇಲ್ವಾ?"

"ಇಲ್ಲ."

"ಹಾಗಾದ್ರೆ 'ವರದಿ ಕೊಡದವರು' ಅಂತ ಹಾಕ್ಬಿಡ್ತೀನಿ. ಹೆಸರು ಕೆಂಪು ಪಟ್ಟಿಗೆ ಹೋಗುತ್ತೆ, ನೋಟಿಸು ತಾನಾಗೇ ಹೊರಡುತ್ತೆ. ಇನ್ಮೇಲೆ ನೀವು ಯಾರಿಗೂ ಫೋನ್ ಮಾಡಿ ಗಂಟಲು ಹರ್ಕೋಬೇಕಾಗಿಲ್ಲ ಸಾರ್."

"ಬೇಡ, ಬೇಡ! ತಡೀರಿ. ಅವರು ಅಂಥವರಲ್ಲ." ಗುಮಾಸ್ತರ ದನಿ ಅವರಿಗೇ ಅಚ್ಚರಿಯಾಗುವಷ್ಟು ಜೋರಾಗಿತ್ತು. ಮೇಡಂ ನಕ್ಕು ಎದ್ದರು. "ಸರಿ, ನಾನು ಕಾಫಿ ಕುಡಿದು ಬರ್ತೀನಿ. ಅಷ್ಟರಲ್ಲಿ ಅದಕ್ಕೊಂದು ಗತಿ ಕಾಣಿಸಿ."

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಬಾಗಿಲು ಮುಚ್ಚಿತೇ ಎಂದು ಎರಡು ಸಲ ನೋಡಿ, ಗುಮಾಸ್ತರು ಮೇಜಿನ ಕೆಳಗಿನ ಡ್ರಾಯರು ಎಳೆದರು. ಮೆಷಿನ್ನುಗಳ ಬಳಕೆಯ ವರದಿ ಅಲ್ಲಿತ್ತು. ಎಂಟು ವರ್ಷದಿಂದ ಅಲ್ಲೇ ಇತ್ತು. ಹೊಲಿಗೆ ಟೀಚರು ಅದಕ್ಕೆ ಪಿನ್ನು ಹೊಡೆದಿರಲಿಲ್ಲ. ಎಡಗಡೆ ಅಂಚನ್ನು ನೀಲಿ ದಾರದಿಂದ ನೀಟಾಗಿ ಹೊಲಿದಿದ್ದರು.

ಆಗ ವರದಿ ತಡವಾಗಿತ್ತೆಂದು ಗುಮಾಸ್ತರು ನಾಲ್ಕೈದು ತಿಂಗಳು ಫೋನ್ ಮಾಡಿದ್ದರು. ವರದಿಯ ಮಾತು ಎರಡು ನಿಮಿಷ, ಟೀಚರ ಮಂಡಿನೋವು, ಅವರ ಬೆಕ್ಕಿನ ಪುಂಡಾಟ, ಗುಮಾಸ್ತರು ಸೀಯಿಸಿದ ಹಾಲು ಇಪ್ಪತ್ತು ನಿಮಿಷ. ಮನೆಯಲ್ಲಿ ಗೋಡೆ ಬಿಟ್ಟರೆ ಮಾತಾಡಿಸಲು ಯಾರೂ ಇಲ್ಲದ ಮನುಷ್ಯನಿಗೆ ಅಷ್ಟು ಮಾತು ಒಂದು ತಿಂಗಳಿಗೆ ಬರುತ್ತಿತ್ತು. ಕೊನೆಗೊಂದು ದಿನ ವರದಿ ಬಂದೇ ಬಂತು. ಗುಮಾಸ್ತರು ಅದನ್ನು ಹಾಳೆಯಲ್ಲಿ ದಾಖಲಿಸಲಿಲ್ಲ. ಮುಂದಿನ ತಿಂಗಳ ಮೊದಲ ಸೋಮವಾರ ಹನ್ನೊಂದು ಗಂಟೆಗೆ ಫೋನ್ ಮಾಡಿ, "ಟೀಚರ್, ವರದಿ ಇನ್ನೂ ಬಂದಿಲ್ಲ," ಎಂದರು. ಆ ಕಡೆ ಯಾವುದೋ ಡಬ್ಬಿಯ ಮುಚ್ಚಳ ತೆರೆದು ಮುಚ್ಚಿದ ಸದ್ದು. ಆಮೇಲೆ, "ಅಯ್ಯೋ, ಹೌದಾ? ಮುಂದಿನ ತಿಂಗಳು ಕಳಿಸ್ತೀನಿ." ಪಾಪ, ಮರೆವು ಎಂದುಕೊಂಡಿದ್ದರು ಗುಮಾಸ್ತರು. ವಯಸ್ಸಾದವರ ಮರೆವನ್ನು ಬಳಸಿಕೊಳ್ಳುತ್ತಿದ್ದೇನಲ್ಲ ಎಂದು ನಾಚಿಕೆಯೂ ಪಡುತ್ತಿದ್ದರು. ಆದರೂ ಎಂಟು ವರ್ಷ ಅಂಥ ಒಂದು ಸೋಮವಾರವನ್ನೂ ತಪ್ಪಿಸಿರಲಿಲ್ಲ.

ಟೀಚರ ಹೆಸರು ಕೆಂಪು ಪಟ್ಟಿಗೆ ಹೋಗುವುದನ್ನು ಮಾತ್ರ ಗುಮಾಸ್ತರಿಂದ ನೋಡಲಾಗದು. ಫೋನ್ ಎತ್ತಿದರು. ನಂಬರು ಬಾಯಿಪಾಠ.

"ಇವತ್ತು ಬುಧವಾರ ಅಲ್ವಾ ಗುಮಾಸ್ತರೇ! ಏನಾಯ್ತು, ಮೈಗೆ ಹುಷಾರಿಲ್ವಾ?"

"ಟೀಚರ್, ನಿಮ್ಮ ವರದಿ ಸಿಕ್ತು. ಇಲ್ಲೇ ಇತ್ತು. ತಪ್ಪು ನನ್ನದೇ. ಇವತ್ತು ನಿಮ್ಮ ಫೈಲು ಮುಗಿಸ್ತಿದ್ದೀವಿ."

ಆ ಕಡೆ ಹಿಂದೆಲ್ಲೋ ಬೆಕ್ಕು ಕೂಗಿತು.

"ತಲುಪಿದ್ದು ನಂಗೂ ಗೊತ್ತು," ಎಂದರು ಟೀಚರು. "ವರದಿ ತಲುಪಿತು ಅಂತ ನೀವೇ ರುಜು ಹಾಕಿ ಕಳಿಸಿದ ಅಂಚೆ ಕಾರ್ಡು ಅವತ್ತಿಂದ ನನ್ನ ಸೂಜಿ ಡಬ್ಬೀಲಿದೆ."

ಗುಮಾಸ್ತರ ಕಿವಿ ಬಿಸಿಯಾಯಿತು. ಬಂದ ಕಾಗದಕ್ಕೆಲ್ಲ ರೂಢಿಯಂತೆ ಕಳಿಸುವ ಆ ಕಾರ್ಡು ಅವರಿಗೆ ಮರೆತೇಹೋಗಿತ್ತು.

"ಅಂದ್ರೆ, ಇನ್ನು ಫೋನ್ ಬರಲ್ಲ ಅನ್ನಿ."

ಬರುತ್ತೆ ಎಂದರೆ ಸಾಕಿತ್ತು, ಒಂದೇ ಮಾತು. ಆದರೆ ಆಫೀಸಿನ ಕೆಲಸವೆಂಬ ನೆಪವಿಲ್ಲದೆ ಯಾರಿಗೂ ಫೋನ್ ಮಾಡಿ ಅಭ್ಯಾಸವಿಲ್ಲದ ಮನುಷ್ಯ. "ತಮ್ಮ ಸಹಕಾರಕ್ಕೆ ವಂದನೆಗಳು," ಎಂದು, ಪತ್ರದ ಕೊನೆಗೆ ಬರೆಯುವ ಸಾಲನ್ನು ಒದರಿ ಇಟ್ಟುಬಿಟ್ಟರು. ಇಟ್ಟ ಮೇಲೆ ತಮ್ಮ ಕೆನ್ನೆಗೆ ತಾವೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಖಾಲಿ ಚೌಕದಲ್ಲಿ ಎಂಟು ವರ್ಷ ಹಿಂದಿನ ತಾರೀಖು ಒತ್ತಿದರು. ಅದನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಮೇಡಂ ಬಂದು ಗುಂಡಿ ಒತ್ತಿದರು. ಪರದೆಯ ಮೇಲೆ ಸಾಲುಗಳೆಲ್ಲ ಒಂದೊಂದಾಗಿ ಹಸಿರಾದವು. "ನಾನ್ನೂರ ಹನ್ನೆರಡೂ ಹತ್ತಿದ್ವು! ಒಂದೂ ಬಾಕಿ ಇಲ್ಲ ಸಾರ್, ಸಿಹಿ ಕೊಡಿಸ್ಬೇಕು ನೀವು," ಎಂದು ಚಪ್ಪಾಳೆ ತಟ್ಟಿದರು. ಗುಮಾಸ್ತರು ನಗಲು ನೋಡಿದರು. ಬರುವ ಸೋಮವಾರ ಹನ್ನೊಂದು ಗಂಟೆಗೆ ಏನು ಮಾಡುವುದು ಎಂಬ ಯೋಚನೆಯಲ್ಲಿ ವರದಿಯ ನೀಲಿ ದಾರವನ್ನು ಸವರುತ್ತ ಕೂತರು.

ಫೋನ್ ರಿಂಗಾಯಿತು. ಹತ್ತಿರವಿದ್ದ ಮೇಡಂ ಎತ್ತಿಕೊಂಡು, ಕೇಳಿ, ಹುಬ್ಬು ಗಂಟಿಕ್ಕಿ, ರಿಸೀವರಿಗೆ ಅಂಗೈ ಮುಚ್ಚಿದರು.

"ಯಾರೋ ಹೊಲಿಗೆ ಟೀಚರಂತೆ ಸಾರ್. ವರದಿ ಕಳಿಸಿದ್ರಂತೆ, ತಲುಪಿತಾ ಅಂತ ವಿಚಾರಿಸ್ತಿದ್ದಾರೆ. ಬಂದಿದೆ ಅನ್ಲಾ?"

ಗುಮಾಸ್ತರು ವರದಿಯನ್ನು ಮೆಲ್ಲಗೆ ಡ್ರಾಯರಿನೊಳಗೆ ಇಟ್ಟು ಮುಚ್ಚಿದರು.

"ಇನ್ನೂ ಬಂದಿಲ್ಲ ಅನ್ನಿ ಮೇಡಂ. ಸೋಮವಾರ ಹನ್ನೊಂದಕ್ಕೆ ಮತ್ತೆ ವಿಚಾರಿಸ್ಬೇಕಂತೆ ಅನ್ನಿ."