ಇಂಗಿನ ಶಪಥ

ತಿಳಿಸಾರಿಗೆ ಇಂಗು ಹಾಕಬೇಕೋ ಬೇಡವೋ ಎಂಬುದು ಆ ದಂಪತಿಯ ಬಾಳಿನ ಅತ್ಯಂತ ಗಹನವಾದ ಪ್ರಶ್ನೆ. ಆ ಕುರಿತು ಜಗಳವಾಗಿ, "ನಿನ್ನ ಕೈ ಊಟ ಇನ್ನು ಮುಟ್ಟೋಲ್ಲ" ಎಂದು ಗಂಡ ಶಪಥ ಮಾಡಿದ ಮೇಲೆಯೇ ಅವರಿಗೆ ಮೆದುಳು ಜ್ವರ ಬಂದದ್ದು.

"ಮೆದುಳಲ್ಲಿ ನೆನಪು ಕೂಡಿಡೋ ಜಾಗ, ಹಿಪೊಕ್ಯಾಂಪಸ್, ಹಾಳಾಗಿದೆಯಮ್ಮ," ಎಂದರು ಡಾಕ್ಟರು. "ಹಳೇದೆಲ್ಲ ನೆನಪಿರುತ್ತೆ. ಹೊಸದು ಮಾತ್ರ ಸ್ವಲ್ಪ ಹೊತ್ತು ತಲೇಲಿ ನಿಂತು, ಒಳಗೆ ಇಳೀದೆ ಹೋಗಿಬಿಡುತ್ತೆ."

ಶಪಥ ಹಳೆಯದಾದ್ದರಿಂದ ಉಳಿಯಿತು. ಹೆಂಡತಿ ದಿನವೂ ತಟ್ಟೆ ಹಿಡಿದು "ತಪ್ಪಾಯ್ತು ರೀ" ಎನ್ನುವಳು. ಗೆದ್ದ ಗಂಡ ಉಪದೇಶ ಶುರುಮಾಡುವರು; ಅದು ಮುಗಿಯುವಷ್ಟರಲ್ಲಿ ರಾಜಿಯಾದದ್ದನ್ನೇ ಮರೆತು ತಟ್ಟೆ ತಳ್ಳುವರು. ಆಸ್ಪತ್ರೆಯಿಂದ ಸೊರಗಿಯೇ ಬಂದಿದ್ದ ಗಂಡ ಇನ್ನಷ್ಟು ಸೊರಗಿದರು. ಅವಳಿಗೂ ಸಾಕಾಗಿತ್ತು.

ಒಂದು ಮಧ್ಯಾಹ್ನ ತಟ್ಟೆಯನ್ನು ಮುಂದಿಟ್ಟು ಅಂದಳು: "ಊಟ ಮಾಡಿ. ಆಗಲೇ ತಪ್ಪಾಯ್ತು ಅಂತ ಕೇಳ್ಕೊಂಡ್ರಲ್ಲ."

"ಯಾರು, ನಾನಾ?"

"ಮತ್ತಿನ್ಯಾರು? ಕಣ್ಣಲ್ಲಿ ನೀರು ಬೇರೆ."

ಗಂಡ ಬಾಗಿಲ ಕಡೆ ನೋಡಿದರು. "ಪಕ್ಕದ ಮನೆಯವರು ಯಾರೂ ನೋಡಲಿಲ್ಲ ತಾನೆ?"

"ಇಲ್ಲ."

ಅವರು ತಲೆ ತಗ್ಗಿಸಿ, ಒಂದು ಮಾತೂ ಆಡದೆ, ಪೂರ್ತಿ ಊಟ ಮಾಡಿದರು.